ವಾಸನೆ ಇಳಿದ ಶೆಡ್ಡು

ಅತ್ತೆ ಇನ್ನು ಕೋಳಿ ಶೆಡ್ಡಿನೊಳಗೆ ಕಾಲಿಡಕೂಡದೆಂದು ಎದೆಯ ಡಾಕ್ಟರು ಹೇಳಿದ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಯಾರಿಗೂ ಎಂದರೆ ಇಬ್ಬರಿಗೆ; ಅತ್ತೆ ಮತ್ತು ಸೊಸೆ. ಗಂಡ ತೀರಿಕೊಂಡ ಮೇಲೆ ಸೊಸೆ ತವರಿಗೆ ಹೊರಡುತ್ತಾಳೆಂದು ನೆರೆಹೊರೆಯೆಲ್ಲ ಅಂದುಕೊಂಡಿತ್ತು. "ಕೋಳಿ ಬಿಟ್ಟು ಹೇಗೆ ಹೋಗ್ಲಿ?" ಎಂದು ಅವಳು ಉಳಿದಳು. 'ಅತ್ತೇನ ಬಿಟ್ಟು ಹೇಗೆ ಹೋಗ್ಲಿ' ಎಂದು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ.

ಅಂದಿನಿಂದ ಅತ್ತೆ ನೀರಿನ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಒಳಗಿನ ಸದ್ದು ಕೇಳಿಯೇ ಕಾರುಬಾರು ನಡೆಸಿದಳು.

"ಆ ಮೂಲೇಲಿ ಮರಿಗಳು ಒಂದರ ಮೇಲೊಂದು ಬಿದ್ದಿವೆ, ನೋಡು."

"ನಿಮ್ಮ ಕಿವಿಗೆ ಕಣ್ಣಿದೆಯಾ ಅತ್ತೆ?"

"ನಿನಗೆ ಕಣ್ಣಿದ್ದೂ ಕಾಣ್ಸಲ್ವಲ್ಲ," ಎಂದು ನಗಲು ಹೋಗಿ ಕೆಮ್ಮುತ್ತಿದ್ದಳು.

ಕೋಳಿಗಳ ಕಣ್ಣು ಊದತೊಡಗಿದಾಗ ಕೋಳಿ ಡಾಕ್ಟರು ಬಂದರು. ನೆಲಕ್ಕೆ ಹಾಸಿದ್ದ ಮರದ ಹೊಟ್ಟನ್ನು ಹಿಕ್ಕೆಯ ಸಮೇತ ಹಿಡಿಯಷ್ಟು ತೆಗೆದು ಹಿಂಡಿದರು. ಅದು ಉಂಡೆಯಾಗಿಯೇ ನಿಂತಿತು.

"ತುಂಬಾ ಒದ್ದೆ. ಹೀಗಿದ್ರೆ ಗೊಬ್ಬರದ ಸತ್ವ ಗ್ಯಾಸಾಗಿ ಹಾರಿಹೋಗುತ್ತೆ. ಕಣ್ಣು, ಮೂಗು ಉರಿಸೋದು ಅದೇ. ಗಿಡಕ್ಕೆ ಹೋಗ್ಬೇಕಾದ್ದನ್ನ ನೀವು ಉಸಿರಾಡ್ತಾ ಇದೀರಿ."

"ಅದನ್ನ ತಡೆದ್ರೆ ಅತ್ತೆ ಒಳಗೆ ಬರಬಹುದಾ?"

ಡಾಕ್ಟರು ಉಂಡೆಯನ್ನು ಕೆಳಗೆ ಹಾಕಿ ಕೈ ಕೊಡವಿದರು. "ನಾನು ಕೋಳಿ ಡಾಕ್ಟರಮ್ಮ. ವಾಸನೆ ಇಳಿಯುತ್ತೆ, ಅಷ್ಟು ಹೇಳಬಲ್ಲೆ."

ಮುಳುಗುವವಳಿಗೆ ಹುಲ್ಲುಕಡ್ಡಿ ಸಾಕಾಯಿತು. ಆ ಬ್ಯಾಚಿನ ಕೋಳಿಗಳು ಮಾರಾಟವಾದ ಕೂಡಲೇ ಸೊಸೆ ನೆಲದಲ್ಲಿ ಗಟ್ಟಿಕಟ್ಟಿದ್ದ ಹೊಟ್ಟನ್ನೆಲ್ಲ ಕೆರೆದು ತೆಗೆದಳು. ಕೋಳಿಗಳು ಕೊಕ್ಕಿನಿಂದ ಒತ್ತಿ ನೀರು ಕುಡಿಯುವ, ತೊಟ್ಟಿಕ್ಕುತ್ತಿದ್ದ ನಿಪ್ಪಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಬದಲಿಸಿದಳು. ಒಣ ಹೊಟ್ಟು ಹಾಸಿ, ಡಾಕ್ಟರು ಹೇಳಿದಂತೆ ಗ್ಯಾಸು ಏಳದಿರಲು ಪಟಿಕದ ಪುಡಿ ಎರಚಿ ಕೆದಕಿದಳು. ಕೆರೆದು ತೆಗೆದ ಗೊಬ್ಬರವನ್ನು ಮಳೆಗೆ ಕೊಚ್ಚಿಹೋಗದಂತೆ ಸಿಮೆಂಟು ನೆಲದ ಮೇಲೆ, ತಗಡಿನ ಮಾಡಿನ ಕೆಳಗೆ ರಾಶಿ ಹಾಕಿ ಮುಚ್ಚಿದಳು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಅತ್ತೆ ಬೈಯುತ್ತಲೇ ಎಣ್ಣೆ ಹಚ್ಚಿದಳು.

ಹೊಸ ಮರಿಗಳು ಬಲಿಯುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಸೊಸೆ, ಮೇವು ತಂದಿದ್ದ ವ್ಯಾನಿನ ಡ್ರೈವರನ ನೆರವು ಪಡೆದು, ಅತ್ತೆಯನ್ನು ಕುರ್ಚಿ ಸಮೇತ ಶೆಡ್ಡಿನೊಳಗೆ ಹೊತ್ತು ತಂದಳು.

ಅತ್ತೆ ಮೊದಲು ಉಸಿರು ಬಿಗಿಹಿಡಿದಳು. ಆಮೇಲೆ ಮೆಲ್ಲಗೆ ಎಳೆದುಕೊಂಡಳು.

"ಉರೀತಿಲ್ಲ ಕಣೆ."

"ಮತ್ತೆ ಕಣ್ಣಲ್ಲಿ ನೀರು?"

"ಅದು ಬೇರೆ ನೀರು."

ಅಂಗೈಯಲ್ಲಿ ಕಾಳು ಹಿಡಿದಳು. ಒಂದು ಕೋಳಿ ಬಂದು ಕುಕ್ಕಿತು. ಕಾಳು ಖಾಲಿಯಾದ ಮೇಲೂ ಅತ್ತೆ ಕೈ ಮಡಚಲಿಲ್ಲ.

ಆ ವಾರ ಮುಗಿಯುವ ಮೊದಲೇ ಅವಳು ಹೋದಳು. ಶ್ವಾಸಕೋಶದ ಹಾನಿ ಎಷ್ಟೋ ವರ್ಷ ಹಳೆಯದು, ಈಗ ಮಾಡಿದ್ದು ಯಾವುದೂ ಅದನ್ನು ತಡೆಯುವಂತಿರಲಿಲ್ಲ ಎಂದರು ಎದೆಯ ಡಾಕ್ಟರು. ಸಮಾಧಾನಕ್ಕೆಂದೇ ಹೇಳಿದ ಮಾತು. ಸೊಸೆಗೆ ಅದು ಚೂರಿಯಂತೆ ನಾಟಿತು.

ಆ ಬ್ಯಾಚು ಹೋದ ಮೇಲೆ ತರಕಾರಿ ತೋಟದವನು ಹೊಸ ಗೊಬ್ಬರಕ್ಕೆ ಬಂದ. ಒಂದು ಗಾಡಿ ಒಯ್ದವನು ಕೆಲವು ವಾರಗಳಲ್ಲೇ ಉಳಿದದ್ದಕ್ಕೆ ಮತ್ತೆ ಬಂದ.

"ಈ ಸಲ ಗೊಬ್ಬರಕ್ಕೆ ಒಳ್ಳೇ ಕಸುವಿದೆ ತಂಗಿ. ಕಮ್ಮಿ ಹಾಕಿದ್ರೂ ಎಲೆ ಕಡು ಹಸಿರು. ಏನು ಮಾಡಿದೆ?"

"ನಿಪ್ಪಲ್ ಸೋರ್ತಾ ಇತ್ತಣ್ಣ, ಬದಲಿಸಿದೆ. ಆಮೇಲೆ ಪಟಿಕ..." ಎಂದವಳು ಅತ್ತೆಯ ಖಾಲಿ ಕುರ್ಚಿಯತ್ತ ನೋಡಿದಳು. "ಗೊಬ್ಬರಕ್ಕೆ ಅಂತ ಮಾಡಿದ್ದಲ್ಲ," ಎಂದಳು.

ಅವನಿಗೆ ಅರ್ಥವಾಯಿತು. ಸಲಿಕೆ ಎತ್ತಿಕೊಂಡ. ಅವಳು ಚೀಲದ ಬಾಯಿ ಹಿಡಿದಳು, ಅವನು ತುಂಬಿದ. ರಾಶಿ ಮುಗಿದರೂ ಅವಳು ಖಾಲಿ ಚೀಲವೊಂದರ ಬಾಯಿ ಅಗಲಿಸಿ ಹಿಡಿದು ನಿಂತೇ ಇದ್ದಳು. ಅವನು ಕರೆಯಲಿಲ್ಲ. ಸಲಿಕೆ ಊರಿಕೊಂಡು ಕಾದ.