ಎಡಚನ ಗ್ಲೌಸು

ಕ್ರಿಕೆಟ್ಟಿನ ಊರಾದ ಲಂಡನ್ನಿನಲ್ಲಿ ಕೂತು ಬೇಸ್‌ಬಾಲಿನ ಹಳೇ ಚೆಂಡು, ಟೋಪಿ, ಫೋಟೋ ಗುಡ್ಡೆ ಹಾಕುವವನಿಗೆ ಏನನ್ನಬೇಕು? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಅನ್ನುತ್ತಾರೆ. ಧಾರವಾಡದ ಮೂಳೆ ಡಾಕ್ಟರ್ ಋಷಿಕೇಶನಿಗೆ ಮದುವೆಯಾಗಿ, ಲಂಡನ್ನಿನ ರೇನರ್ಸ್ ಲೇನಿನಲ್ಲಿ ಮನೆ ಮಾಡಿದ ಮೇಲೂ ಬಿಡಲಿಲ್ಲ. ವಸ್ತು ಸಿಕ್ಕರೆ ಸಾಲದು. ಯಾರು ತೊಟ್ಟರು, ಎಲ್ಲಿ ಆಡಿದರು, ಎಲ್ಲ ಕೆದಕಲೇಬೇಕು.

1998ರ ಚಳಿಗಾಲದಲ್ಲಿ ಹತ್ತಿರದ ಗ್ರೀನ್‌ಫರ್ಡಿನ ಒಂದು ಮನೆಯಿಂದ ಫೋನು ಬಂತು. ಯುದ್ಧಕ್ಕೆ ಮುಂಚೆ ಕಾರ್ಖಾನೆಯೊಂದರ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುತ್ತಿದ್ದ ಮುದುಕ ಸ್ಟ್ಯಾನ್ಲಿ ಅದೇ ವಾರ ತೀರಿಕೊಂಡಿದ್ದ. ಮಗಳು ಮಾರ್ಗರೆಟ್ ಅವನ ತೊಗಲಿನ ಗ್ಲೌಸನ್ನು ಋಷಿಕೇಶನ ಕೈಗಿಟ್ಟಳು. ಎಸೆಯುವ ಕೈ ಬರಿದು, ಹಿಡಿಯುವ ಕೈಗೆ ಗ್ಲೌಸು. ಅದು ಆ ಆಟದ ಪದ್ಧತಿ. ಸ್ಟ್ಯಾನ್ಲಿ ಎಡಚನಾದ್ದರಿಂದ ಇದು ಬಲಗೈಯದು, ಸಿಗುವುದೇ ಅಪರೂಪ. ಹಿಗ್ಗಿನಲ್ಲಿ ಹೊರಡುವಾಗ ಋಷಿಕೇಶ ಗೋಡೆಯ ಮೇಲಿದ್ದ ಮುದುಕನ ಫೋಟೋಗೆ ಕೈಮುಗಿದು, ರೂಢಿಯಂತೆ "ಬರ್ತೇನ್ರೀ" ಅಂದುಬಿಟ್ಟ.

ಮನೆಗೆ ಬಂದು ತೊಟ್ಟುನೋಡಿದ. ಈಗಷ್ಟೇ ಯಾರೋ ಕೈ ತೆಗೆದ ಹಾಗೆ ಒಳಗೆಲ್ಲ ಬೆಚ್ಚಗಿತ್ತು.

ಮರುದಿನ ಆಪರೇಷನ್ ನಡುವೆ ಅವನ ಬಲಗೈ ಬೆರಳುಗಳು ಚೆಂಡು ಹಿಡಿದಂತೆ ತಾವಾಗಿಯೇ ಮಡಚಿಕೊಂಡವು. ಎಕ್ಸ್‌ರೇ ಸರಿ, ನರ ಸರಿ, ರಕ್ತ ಸರಿ. ಹಿಡಿತ ಮಾತ್ರ ಬಿಗಿಯಾಗುತ್ತಲೇ ಹೋಯಿತು. ಆಸ್ಪತ್ರೆಯವರು ಇನ್ನು ಚಾಕು ಮುಟ್ಟಬೇಡಿ ಅಂದರು. ಕೈಯೇ ಹೋದರೆ ಸರ್ಜನ್ನಿಗೆ ಉಳಿಯುವುದೇನು, ಮಣ್ಣು! ಋಷಿಕೇಶ ಹೆಂಡತಿ ಶ್ರೀಲತಾಳ ಎದುರು ಬಿಕ್ಕಿಬಿಕ್ಕಿ ಅತ್ತ.

ಹುಚ್ಚು ಮಾತ್ರ ನಿಂತಿತೇ? ಇಲ್ಲ. ಸ್ಟ್ರಾಟ್‌ಫರ್ಡಿನಲ್ಲಿದ್ದ ಸ್ಟ್ಯಾನ್ಲಿಯ ಜೊತೆಯಾಟಗಾರನನ್ನು ಪತ್ತೆಹಚ್ಚಿ ಫೋನು ಮಾಡಿದ. "ಒಳ್ಳೇ ಮನುಷ್ಯ. ಒಂದೇ ಚಾಳಿ," ಎಂದು ಆ ಮುದುಕ ನಕ್ಕ. "ಬರ್ತೀನಿ ಅಂದವರು ಬರೋ ತನಕ ಮೈದಾನ ಬಿಡ್ತಿರಲಿಲ್ಲ. ಕತ್ತಲಾದ್ರೂ ಕಾಯ್ತಿದ್ದ."

ಫೋನಿಟ್ಟು ಋಷಿಕೇಶ ಇದನ್ನು ಹೇಳಿದ್ದೇ ತಡ, ಶ್ರೀಲತಾ ಕೇಳಿದಳು: "ಆ ಮನಿಯಿಂದ ಹೊರಡೋವಾಗ ಏನಂದ್ರಿ?"

"ಬರ್ತೇನಿ ಅಂದೆ."

"ಅಯ್ಯ ನನ್ನ ಕರ್ಮ! ಸತ್ತ ಮನ್ಯಾಗ ಹಂಗಂತಾರೇನ್ರಿ? ಮಾತಿಲ್ದ ಎದ್ದು ಬರಬೇಕು. ಅಷ್ಟೂ ತಿಳೀಲಿಲ್ಲೇನು ನಿಮಗ?"

ಅವತ್ತೇ ಮಧ್ಯಾಹ್ನ ಇಬ್ಬರೂ ಗ್ರೀನ್‌ಫರ್ಡಿಗೆ ಹೋದರು. ಬಾಗಿಲು ತೆಗೆದ ಮಾರ್ಗರೆಟ್ ಬೆರಗಾಗಲಿಲ್ಲ. "ಸದ್ಯ ಬಂದಿರಲ್ಲ. ಎಷ್ಟು ಸರಿಸಿಟ್ಟರೂ ಅಪ್ಪನ ಕುರ್ಚಿ ಬಾಗಿಲ ಕಡೆಗೇ ತಿರುಗುತ್ತೆ," ಅಂದಳು.

ಋಷಿಕೇಶ ಗ್ಲೌಸನ್ನು ಆ ಕುರ್ಚಿಯ ಮೇಲಿಟ್ಟ.

"ನೀವು ನಡೀರಿ," ಎಂದಳು ಶ್ರೀಲತಾ. "ಬಾಯಿ ಬಿಡಬ್ಯಾಡ್ರಿ, ಹಿಂದ ನೋಡಬ್ಯಾಡ್ರಿ."

ಕಾರಿನ ಹತ್ತಿರ ಬರುವಷ್ಟರಲ್ಲಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಬ್ಬಾ, ಹೋದ ಜೀವ ಬಂದಂತಾಯಿತು! ಮುಷ್ಟಿ ಕಟ್ಟಿ, ಬಿಡಿಸಿ, ಮತ್ತೆ ಕಟ್ಟಿ ಒಬ್ಬನೇ ನಕ್ಕ. ಸ್ವಲ್ಪ ತಡವಾಗಿ ಶ್ರೀಲತಾ ಬಂದು ಪಕ್ಕದಲ್ಲಿ ಕೂತಳು.

"ನೋಡಿಲ್ಲೆ! ಬಿಟ್ಟಾನ ನನ್ನ!"

"ಅಂವಾ ಹಂಗ ಬಿಡೋ ಪೈಕಿ ಅಲ್ರಿ. ಯಾರರ ಒಬ್ರು ಬರ್ತೇನಿ ಅನ್ನಲೇಬೇಕಿತ್ತು. ನಿಮ್ಮ ಬದಲಿಗೆ ನಾ ಅಂದು ಬಂದೆ." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ನನಗೇನು ಆಪರೇಷನ್ ಮಾಡೋದದ?"

ಅವಳ ಬಲಗೈ ಮಡಿಲಲ್ಲಿ ಮುಚ್ಚಿಕೊಂಡಿತ್ತು. ಋಷಿಕೇಶ ತನ್ನ ಎರಡೂ ಕೈಯಿಂದ ಅದನ್ನು ಹಿಡಿದು ಎಳೆದ. ಒಂದು ಬೆರಳೂ ಅಲುಗಲಿಲ್ಲ.