ಬೆರಳೂರಲು ಜಾಗ

ಕಾಯಿಲೆಯಿಂದ ನಮ್ಮ ಮನೆಯವರ ಮಾತು ನಿಂತು, ಕೈ ನಡುಗತೊಡಗಿದ ಮೇಲೆ ಮನೆಯಲ್ಲಿ ಗಲಾಟೆ ಮಾಡುವವಳು ನಾನೊಬ್ಬಳೇ ಉಳಿದೆ. ಮೊದಲಾದರೆ ನಾನು ನಾಲ್ಕು ಮಾತಾಡುವಷ್ಟರಲ್ಲಿ ‘ಬಾಯಿಬಡುಕಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಮದುವೆಯಾದಾಗಿನಿಂದ ನನಗೆ ಅದೇ ಹೆಸರು. ಆಗೆಲ್ಲ ಮೈ ಉರಿಯುತ್ತಿತ್ತು. ಈಗ ಅದನ್ನು ಒಂದೇ ಒಂದು ಸಲ ಕೇಳಿದರೆ ಸಾಕು ಅನ್ನಿಸುತ್ತಿತ್ತು.

ಆ್ಯಪ್ ಮಾಡುವ ಕೆಲಸದಲ್ಲಿರುವ ಮಗಳು ಅಪ್ಪನಿಗೆಂದೇ ಒಂದನ್ನು ಮಾಡಿ ತಂದಳು. ಟ್ಯಾಬ್ಲೆಟ್ಟಿನ ಮೇಲೆ ದೊಡ್ಡ ದೊಡ್ಡ ಬಟನ್ನುಗಳು: ನೀರು, ಊಟ, ನೋವು, ಫ್ಯಾನು. ಮುಟ್ಟಿದರೆ ಅದೇ ಮಾತಾಡುತ್ತದೆ. ಅವಳು ಮುಟ್ಟಿದಾಗ ಚೆನ್ನಾಗಿಯೇ ಮಾತಾಡಿತು. ಇವರು ಮುಟ್ಟಿದರೆ, ಬೆರಳು ನಡುಗಿ ನಡುಗಿ ತಾಗಿ, ‘ನೀರು ನೀರು ನೀರು’ ಎಂದು ಅರಚಿತು. ಬೇಗ ಬೇಗ ತಾಗಿದ್ದನ್ನೆಲ್ಲ ಒಂದೇ ಎಂದು ತಿಳಿಯುವ ಹಾಗೆ ಮಗಳು ತಿದ್ದಿದಳು. ನೀರು ಒಂದೇ ಸಲ ಬಂತು. ಆದರೂ ಇವರು ಟ್ಯಾಬ್ಲೆಟ್ಟನ್ನು ಬೋರಲು ಹಾಕಿ ಗೋಡೆ ಕಡೆ ತಿರುಗಿಕೊಂಡರು.

ಮಗಳ ಮುಖ ಸಣ್ಣದಾಯಿತು. ಇವರಿಗೇನು ಧಾಡಿ ಎಂದು ನಾನೂ ರೇಗಿದೆ. ಆಮೇಲೆ ಆ ಬಟನ್ನುಗಳನ್ನೇ ನೋಡುತ್ತ ಕೂತೆ. ನೀರು, ಊಟ, ನೋವು. ಎಲ್ಲ ಹಾಸಿಗೆ ಹಿಡಿದವರ ಮಾತೇ. ಜೀವನವಿಡೀ ಟೈಪಿಂಗ್ ಶಾಲೆ ನಡೆಸಿದ ಮನುಷ್ಯ ಇಷ್ಟರಲ್ಲೇ ಬದುಕಬೇಕೆ?

“ಅವರಿಗೊಂದು ಕೀಬೋರ್ಡ್ ಕೊಡೇ,” ಎಂದೆ.

ಗಾಜಿನ ಮೇಲೇ ನಿಲ್ಲದ ಕೈ ಅಷ್ಟು ಸಣ್ಣ ಕೀಲಿಗಳ ಮೇಲೆ ನಿಲ್ಲುತ್ತದೆಯೇ ಎಂದು ಗೊಣಗುತ್ತಲೇ ತಂದಳು. ಜೋಡಿಸಿದರೆ ಆ್ಯಪ್ ಕಮಕ್ ಕಿಮಕ್ ಎನ್ನಲಿಲ್ಲ. ಮುಟ್ಟಿದರೆ ಮಾತ್ರ ತಿಳಿಯುವ ಹಾಗೆ ಅದನ್ನು ಬರೆದಿದ್ದಳಂತೆ. ಕೀಲಿ ಒತ್ತಿ ಬರೆದದ್ದನ್ನೂ ಓದಿ ಹೇಳುವ ಹಾಗೆ ಮಾಡಲು ಅವಳಿಗೆ ಇಡೀ ಮಧ್ಯಾಹ್ನ ಹಿಡಿಯಿತು.

ಇವರು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಗಳನ್ನು ಅದರ ಅಂಚಿಗೆ ಊರಿದರು. ಶಾಲೆಯಲ್ಲಿ ಹೇಳಿಕೊಡುತ್ತಿದ್ದಂತೆಯೇ ಬೆರಳುಗಳನ್ನು ನಡುಸಾಲಿನ ಕೀಲಿಗಳ ಮೇಲೆ ಕೂರಿಸಿದರು. ಊರಲು ಜಾಗ ಸಿಕ್ಕಿದ್ದೇ ತಡ, ನಡುಕ ಅರ್ಧಕ್ಕರ್ಧ ಇಳಿಯಿತು. ನನಗೆ ಬಾಯಿ ಮುಚ್ಚಿಕೊಂಡು ಕೂರಲಾಗಬೇಕಲ್ಲ! ದಿಂಬು ಕೊಡಲಾ, ಬೆಳಕು ಸಾಕಾ, ಕೈ ನೋಯುತ್ತದಾ ಎಂದು ಒಂದೇ ಸಮನೆ ಕೇಳುತ್ತಿದ್ದೆ. ಇವರು ನಿಧಾನವಾಗಿ ಒತ್ತಿದರು, ತಪ್ಪಿದ್ದನ್ನು ಅಳಿಸಿದರು, ಮತ್ತೆ ಒತ್ತಿದರು.

ಟ್ಯಾಬ್ಲೆಟ್ಟು ಯಾರದೋ ಗಂಡುದನಿಯಲ್ಲಿ ಹೇಳಿತು: “ಬಾಯಿಬಡುಕಿ, ಸ್ವಲ್ಪ ಸುಮ್ನಿರು. ಬರೀತಾ ಇದೀನಿ.”

ಮಗಳು ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಎಂದೂ ಇಲ್ಲದ ಹಾಗೆ ಬಾಯಿ ಮುಚ್ಚಿ ಅವರ ಪಕ್ಕ ಕೂತು, ಮುಂದಿನ ಮಾತಿಗೆ ಕಾದೆ.