ಸುಮಿತ್ರಮ್ಮ ಕೂತ ಸಂಜೆ

"ಇನ್ನೂ ಒಂಚೂರು ಎತ್ರೋ, ಮುಖಾನೇ ಕಾಣ್ತಿಲ್ಲ!" ಆಟೋ ಓಡಿಸುವ ಪುಟ್ಟರಾಜು ಕೂಗಿದ.

ಹೆಣ ಹೊರಲು ಕಟ್ಟಿದ ಬಿದಿರಿನ ವಿಮಾನದೊಳಗೆ ಸುಮಿತ್ರಮ್ಮನನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಆದರೆ ಹೆಂಗಸು ಬದುಕಿದ್ದಾಗಲೇ ಐದಡಿ ಇರಲಿಲ್ಲ. ಈಗ ಬಾಳೆಕಂದು, ಹೂವಿನ ನಡುವೆ ನೆತ್ತಿಯಷ್ಟೇ ಕಾಣುತ್ತಿತ್ತು.

"ಅಂಗಡೀಲೂ ಅವ್ವನ್ನ ಹಿಂಗೇ ಹುಡುಕ್ಬೇಕಾಗಿತ್ತು," ಎಂದು ಮಗ ಚನ್ನೇಶ್ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

"ಕೆಳಗೆ ನಾಕು ಇಟ್ಟಿಗೆ ಇಡಾನ?" ಅವನೇ ಕೇಳಿದ.

"ಹೆತ್ತೋಳನ್ನ ಇಟ್ಟಿಗೆ ಮೇಲೆ ಕೂರ್ಸ್ತೀಯೇನ್ಲಾ? ಥೂ!" ಪುಟ್ಟರಾಜು ಗದರಿದ.

ಗೋಡೆಗೊರಗಿ ನಿಂತಿದ್ದ ಹೇಮಲತಾ ಬಾಯಿ ತೆರೆದಳು. ಸುಮಿತ್ರಮ್ಮನ ಜೊತೆ ಅದೇ ಜವಳಿ ಅಂಗಡಿಯಲ್ಲಿ ಆರು ವರ್ಷದಿಂದ ಸೀರೆ ಬಿಚ್ಚಿ ಮಡಿಸುತ್ತಿದ್ದವಳು. "ಅವರದೇ ಸ್ಟೂಲ್ ಐತೆ. ಅಂಗಡಿ ಅಟ್ಟದ ಮೇಲೆ."

ಮೂಲೆಯಲ್ಲಿದ್ದ ಹೆಂಗಸರ ಗುಂಪಿನಿಂದ ಕಿಸಕ್ಕನೆ ನಗು ಬಂತು. ಆ ಸ್ಟೂಲಿನ ಕತೆ ಗೊತ್ತಿಲ್ಲದವರು ಅರಸೀಕೆರೆಯ ಪೇಟೆಬೀದಿಯಲ್ಲಿ ಇರಲಿಲ್ಲ.

* * *

ನಾಲ್ಕು ವರ್ಷದ ಹಿಂದೆ ಸುಮಿತ್ರಮ್ಮ ಹಾರನಹಳ್ಳಿಯ ಬಡಗಿಯ ಹತ್ತಿರ ಅದನ್ನು ಮಾಡಿಸಿದ್ದಳು. ಹಲಸಿನ ಮರದ್ದು, ಮೊಣಕಾಲೆತ್ತರ, ಮಣೆಯಷ್ಟು ಅಗಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಕೌಂಟರಿನ ಹಿಂದೆ ಹಾಕಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೆದುರು ಕೂತಳು.

ಗಲ್ಲಾದ ಹಿಂದೆ ಮೆತ್ತೆಯ ಮೇಲೆ ಕೂತಿದ್ದ ಮಾಲೀಕ ಗಂಗಾಧರಯ್ಯನವರು ಕೈ ಬೀಸಿದರು. "ಏಳಮ್ಮ! ಲಕ್ಷ್ಮಿ ಒಳಗೆ ಬರೋ ಹೊತ್ತು. ಅವಳ ಮುಂದೆ ಕೂರ್ತಾರಾ?"

ಸುಮಿತ್ರಮ್ಮ ಗೋಡೆಯ ಪಟ ತೋರಿಸಿದಳು. "ಲಕ್ಷ್ಮೀನೇ ತಾವರೆ ಮೇಲೆ ಕೂತವ್ಳಲ್ಲ ಅಣ್ಣಾವ್ರೆ. ಅವಳನ್ನ ಏಳ್ಸಿ, ನಾನೂ ಏಳ್ತೀನಿ."

ಗಿರಾಕಿಗಳೆಲ್ಲ ನಕ್ಕರು. ಗಂಗಾಧರಯ್ಯನವರು ನಗಲಿಲ್ಲ. ಮಾರನೆಯ ದಿನ ಸ್ಟೂಲು ಅಟ್ಟ ಸೇರಿತು.

ಅಂದಿನಿಂದ ಕಾಲು ಸೋತಾಗಲೆಲ್ಲ ಸುಮಿತ್ರಮ್ಮ ಬ್ಲೌಸ್ ಪೀಸಿನ ಡಬ್ಬ ಬೀಳಿಸತೊಡಗಿದಳು. ಚೆಲ್ಲಿದ್ದನ್ನು ಆರಿಸುವ ನೆವದಲ್ಲಿ ಕೌಂಟರಿನ ಮರೆಗೆ ಐದು ನಿಮಿಷ ಕುಕ್ಕರಗಾಲಿನಲ್ಲಿ ಕೂರುವುದು. ಹೇಮಲತಾಳಿಗೂ ಕಲಿಸಿದಳು, ಹೊಸದಾಗಿ ಸೇರಿದ ಮೇಘಶ್ರೀಗೂ ಕಲಿಸಿದಳು. "ಒಟ್ಟಿಗೇ ಬೀಳಿಸ್ಬೇಡ್ರೇ, ಪಾಳಿ ಹಾಕ್ಕಳಿ."

ಆ ಕೌಂಟರಿನ ಹಿಂದೆ ನಿಂತದ್ದು ಮೂವತ್ತೆರಡು ವರ್ಷ. ಒಂದು ಅರಳಿಮರ ಅಷ್ಟು ವರ್ಷ ನಿಂತಿದ್ದರೆ ಊರಿನವರು ಬುಡಕ್ಕೊಂದು ಕಟ್ಟೆಯನ್ನಾದರೂ ಕಟ್ಟಿಸುತ್ತಿದ್ದರು. ಮೊನ್ನೆ ರಾತ್ರಿ ಬಾಗಿಲು ಹಾಕುವವರೆಗೂ ಸುಮಿತ್ರಮ್ಮ ನಿಂತೇ ಇದ್ದಳು. ನಿನ್ನೆ ಅವಳ ವಾರದ ರಜೆ. ಇವತ್ತು ಬೆಳಗ್ಗೆ ಏಳಲಿಲ್ಲ.

* * *

ಹೇಮಲತಾ ಅಂಗಡಿಯ ಮೆಟ್ಟಿಲು ಹತ್ತುವಾಗ ಮೀನಖಂಡದಲ್ಲಿ ಉಬ್ಬಿದ್ದ ನರಗಳು ಚುರುಗುಟ್ಟಿದವು. ನಿಲ್ಲುವುದು ಬಿಡಿ, ಇಲ್ಲ ಕೆಲಸ ಬಿಡಿ ಎಂದು ಹೋದ ವಾರ ಡಾಕ್ಟರು ಹೇಳಿದ್ದರು. ಕೂರುವುದಕ್ಕೆ ಏನಾದರೂ ಕೊಡಿ ಎಂದು ಮಾಲೀಕರನ್ನು ಕೇಳಿಯೂ ಆಗಿತ್ತು. "ಕೂರೋರು ಮನೇಲೇ ಕೂರಬಹುದು. ಯೋಚನೆ ಮಾಡಿ ಶನಿವಾರ ಹೇಳು," ಎಂದಿದ್ದರು. ಇವತ್ತು ಶನಿವಾರ. ಎರಡು ಮಕ್ಕಳ ಫೀಸು ಈ ಸಂಬಳದಲ್ಲೇ ನಡೆಯಬೇಕು.

ವಿಷಯ ಕೇಳಿ ಗಂಗಾಧರಯ್ಯನವರು ಲೊಚಗುಟ್ಟಿದರು. "ಶಿವ ಶಿವ. ಲಿಂಗೈಕ್ಯರಾದೋರಿಗೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ? ತಗೊಂಡೋಗು. ವಾಪಸ್ ಏನೂ ಬೇಡ."

"ಹಂಗೇ, ಇವತ್ತೊಂದಿನ ರಜೆ..."

"ಮದುವೆ ಸೀಸನ್ನಮ್ಮ! ನಮ್ಮಲ್ಲಿ ಸೂತಕ ಗೀತಕ ಏನೂ ಇಲ್ಲ, ಶರಣರು ಬೇಡ ಅಂದವರೆ. ಮಣ್ಣು ಮುಗಿಸ್ಕೊಂಡು, ಕಾಲು ತೊಳ್ಕೊಂಡು, ದೀಪ ಹಚ್ಚೋ ಹೊತ್ತಿಗೆ ಇಲ್ಲಿರು. ಗೆಂಡೆಹಳ್ಳಿ ಪಾರ್ಟಿ ಬತ್ತಾರೆ. ನಿನ್ನ ವಿಷಯ ಆಮೇಲೆ ಮಾತಾಡಾನ."

ಕೂಲಿಯವಳಿಗೆ ರಜೆ ತಪ್ಪಿಸಬೇಕಾದಾಗ ಶರಣರು ಎಷ್ಟು ಬೇಗ ನೆನಪಾಗುತ್ತಾರೆ! ಹೇಮಲತಾ ತುಟಿ ಕಚ್ಚಿಕೊಂಡು ಅಟ್ಟ ಹತ್ತಿದಳು. ನಾಲ್ಕು ವರ್ಷದ ಧೂಳಿನಡಿ ಹಲಸಿನ ಮರ ಇನ್ನೂ ಜೇನಿನ ಬಣ್ಣಕ್ಕಿತ್ತು.

* * *

ಬಿಸಿಲು ಇಳಿಯುವ ಹೊತ್ತಿಗೆ ವಿಮಾನ ಪೇಟೆಬೀದಿಗೆ ಬಂತು. ಈಗ ಸುಮಿತ್ರಮ್ಮ ಹೂವಿನ ಮೇಲೆ ಎದ್ದು ಕಾಣುತ್ತಿದ್ದಳು. ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಪಡುವಣಕ್ಕೆ ಮುಖ ಮಾಡಿ, ಕೆನ್ನೆಯ ಮೇಲೆ ಕಿತ್ತಳೆ ಬೆಳಕು. ಭಜನೆಯವರ ತಾಳ ಮುಂದೆ, ಜನ ಹಿಂದೆ. ದಾರಿಯುದ್ದಕ್ಕೂ ಅಂಗಡಿಯವರು ಅರ್ಧ ಶಟರ್ ಎಳೆದು, ಹೊರಗೆ ಬಂದು, ಕೈಮುಗಿದು ನಿಂತರು. ಗಂಗಾಧರಯ್ಯನವರೂ ಮೆತ್ತೆ ಬಿಟ್ಟೆದ್ದು ಮೆಟ್ಟಿಲ ಮೇಲೆ ನಿಂತರು.

ಹೆಗಲು ಕೊಟ್ಟಿದ್ದ ಪುಟ್ಟರಾಜು ತಿರುಗಿ ನೋಡಿದ. "ನೋಡ್ರಪ್ಪೋ, ಇಡೀ ಪೇಟೆ ನಿಂತೈತೆ, ನಮ್ಮಕ್ಕ ಒಬ್ಳೇ ಕೂತವ್ಳೆ!"

ಬೀದಿಗೆ ಬೀದಿಯೇ ನಕ್ಕಿತು. ಚನ್ನೇಶ್ ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. "ಇನ್ನೊಂದು ಸುತ್ತು ಹಾಕ್ರೋ," ಎಂದ. ಪೇಟೆಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿದರು.

ಕೆರೆಯ ಪಕ್ಕದ ರುದ್ರಭೂಮಿಯಲ್ಲಿ ಸುಮಿತ್ರಮ್ಮನನ್ನು ಸ್ಟೂಲಿನಿಂದೆತ್ತಿ ಗುಂಡಿಯೊಳಗೆ ಕೂರಿಸಿದರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಕೊನೆಯ ಹಿಡಿ ಬಿದ್ದಾಗ ಕೆರೆಯಾಚೆ ತೆಂಗಿನ ಸಾಲಿನ ಹಿಂದೆ ಸೂರ್ಯ ಅರ್ಧ ಮುಳುಗಿದ್ದ. ವಿಮಾನದ ಬಿದಿರನ್ನು ಮುರಿದು ಹಾಕಿದರು. ಸ್ಟೂಲು ಮಾತ್ರ ಹುಲ್ಲಿನ ಮೇಲೆ ಒಂಟಿಯಾಗಿ ಉಳಿಯಿತು.

"ಮನೆಗೆ ತಗೊಂಡೋಗೋದು ಬ್ಯಾಡಪ್ಪ," ಯಾರೋ ಮುದುಕರು ಹಿಂಜರಿದರು.

ಹೇಮಲತಾ ಕಾರ್ಯ ಮಾಡಿಸಿದ ಮಠದ ಅಯ್ಯನವರ ಹತ್ತಿರ ಹೋದಳು. "ಬುದ್ಧಿ, ಇದರ ಮೇಲೆ ಬೇರೆಯೋರು ಕೂತ್ರೆ ದೋಷಾನ?"

ಅಯ್ಯನವರು ಅವಳ ಕಾಲು ನೋಡಿದರು. "ಲಿಂಗೈಕ್ಯೆ ಕೂತ ಪೀಠ ಕಣಮ್ಮ. ದೋಷ ಎಲ್ಲಿಂದ ಬಂತು? ಮಗನನ್ನೊಂದು ಮಾತು ಕೇಳಿ, ತೊಳ್ಕೊಂಡು ಕೂತ್ಕೊ."

ಚನ್ನೇಶ್ ತಾನೇ ಕೆರೆಯ ನೀರಿನಲ್ಲಿ ಸ್ಟೂಲು ತೊಳೆದುಕೊಟ್ಟ. ಪುಟ್ಟರಾಜು ಆಟೋ ಸ್ಟಾರ್ಟ್ ಮಾಡಿದ. "ಹತ್ತಕ್ಕ, ಲಕ್ಷ್ಮಿಗಿಂತ ಮುಂಚೆ ನಾವು ಹೋಗಾನ."

* * *

ಗಂಗಾಧರಯ್ಯನವರು ಊದುಬತ್ತಿ ಹಚ್ಚುತ್ತಿದ್ದರು. ಸ್ಟೂಲು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು. "ಅದ್ಯಾಕೆ ತಂದೆ? ಹೆಣ ಕೂತಿದ್ದು!"

"ಸೂತಕ ಇಲ್ಲ ಅಂದ್ರಲ್ಲ ಅಣ್ಣಾವ್ರೆ, ಮಧ್ಯಾಹ್ನ. ನನಗಿಲ್ಲದ್ದು ಸ್ಟೂಲಿಗೆ ಎಲ್ಲಿಂದ ಬಂತು?"

"ಏ ಮೇಘಶ್ರೀ, ಎತ್ತಿ ಆಚೆ ಇಡು!"

"ಅಯ್ಯಪ್ಪ, ನಂಗೆ ಭಯ. ನೀವೇ ಎತ್ತಿಡಿ ಸರ್." ಮೇಘಶ್ರೀ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ.

ಗಂಗಾಧರಯ್ಯನವರು ಕೈ ಚಾಚಿದರು. ಒದ್ದೆ ಮರದ ಸಂದಿನಲ್ಲಿ ಒಂದು ಬಿಲ್ವದೆಲೆ ಸಿಕ್ಕಿಕೊಂಡಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಅಷ್ಟರಲ್ಲಿ ಗೆಂಡೆಹಳ್ಳಿಯ ಮದುವೆ ಮನೆಯವರು ಒಳಗೆ ಬಂದರು. ಹಿರಿಯಾಕೆ ಸ್ಟೂಲಿನತ್ತ ನೋಡಿದಳು. "ದಾರೀಲಿ ವಿಮಾನ ಸಿಕ್ತು, ಕೈಮುಗಿದು ಬಂದ್ವಿ. ಸುಮಿತ್ರಮ್ಮನ್ದಲ್ವ ಇದು? ಪುಣ್ಯಾತ್ಗಿತ್ತಿ, ನನ್ನ ಧಾರೆ ಸೀರೆ ಅವಳೇ ಆರಿಸಿದ್ದು." ಹೇಮಲತಾಳ ಕಡೆ ತಿರುಗಿದಳು. "ಕೂತ್ಕೊಳವ್ವ. ಕೂತ್ಕೊಂಡೇ ತೋರ್ಸು. ನಮಗೇನು ಅವಸರ?"

ಹೊರಗೆ ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು. ಹೇಮಲತಾ ಕೂತಳು. ಕೆಂಪು ರೇಷ್ಮೆಯೊಂದನ್ನು ತೊಡೆಯ ಮೇಲಿನಿಂದ ಕೌಂಟರಿನುದ್ದಕ್ಕೂ ಹಾಸಿದಳು. ಒಂದು ಗಂಟೆಯ ನಂತರ ಎದ್ದು ಮೇಘಶ್ರೀಗೆ ಜಾಗ ಬಿಟ್ಟಳು. ಮೇಘಶ್ರೀ ಭಯವೆಲ್ಲ ಮರೆತು ಕೂತೇಬಿಟ್ಟಳು.

ಗಂಗಾಧರಯ್ಯನವರು ಆರಿದ ಬೆಂಕಿಕಡ್ಡಿ ಹಿಡಿದುಕೊಂಡು ಗಲ್ಲಾದ ಪಕ್ಕ ಇನ್ನೂ ನಿಂತೇ ಇದ್ದರು. ಬ್ಲೌಸ್ ಪೀಸಿನ ಡಬ್ಬ ಆ ಸಂಜೆ ಒಂದು ಸಲವೂ ಬೀಳಲಿಲ್ಲ.